ಗೈರಾಗಿ ಮರಳಿದ ಮಗುವಿಗೆ ನಮ್ಮ ಶಾಲೆ ಏನಂತದ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕಿನಲ್ಲಿ ಮಾಸ್ತರಿಕೆ ಮಾಡಿದವ ನಾನು. ಶಾಲೆಯ ಸಂಸ್ಕೃತಿ ತಿಳಿಯಾಕ ಗೋಡೆ ಮೇಲಿನ ಸುಭಾಷಿತ ಓದಂಗಿಲ್ಲ. ವಾರಗಟ್ಟಲೆ ಗೈರಾದ ಮಗುವನ್ನ ಹೆಂಗ ಒಳಗ ಕರ್ಕೋತಾರ ಅಂತ ನೋಡ್ತೀನಿ.

ಹಿರೇಕೆರೂರು ಕಡೆ ಬೀಜೋತ್ಪಾದನೆ ಹೊಲಗಳಲ್ಲಿ ಕ್ರಾಸಿಂಗ್ ಶುರುವಾದ್ರೆ ಹಾಜರಿ ಇಳೀತದ. ಹಂಗ ಹೋಗಿ ಬಂದ ಆರನೇ ತರಗತಿ ಹುಡುಗಿಯನ್ನ ಪ್ರಾರ್ಥನೆ ಸಾಲಿನಿಂದ ಹೊರಗೆ ನಿಲ್ಲಿಸಿ, ‘ಬಂದ್ರು ನೋಡ್ರಿ ಮೇಡಂ’ ಅಂದದ್ದು ಬೇರೆ ಯಾರೂ ಅಲ್ಲ, ನಾನೇ. ಮಕ್ಕಳು ನಕ್ಕರು. ಮರುದಿನ ಆಕೆ ಬರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಾನಸಿಕ ಹಿಂಸೆಯನ್ನೂ ನಿಷೇಧಿಸ್ತದೆ. ನನಗದು ಬಾಯಿಪಾಠ ಇತ್ತು!

ಮನೆಗೆ ಹೋದೆ. ‘ಕೂಲಿಗೆ ಕಳಿಸಿದಾಕಿ ನಾನ್ರಿ ಸರ, ಬೈಯೋದಿದ್ರ ನನಗ ಬೈರಿ’ ಅಂದ್ರು ಅವರವ್ವ. ಮುಂದಿನ ಎಸ್‌ಡಿಎಂಸಿ ಸಭೆಗೆ ಅವರನ್ನೂ ಕರೆದ್ವಿ. 2001ರಿಂದ ಈ ಸಮಿತಿಗಳು ಅದಾವ. ನಾವು ಪಾಲಕರಿಗೆ ಚಹಾ ಕುಡಿಸಿ, ಸಹಿ ಹಾಕಿಸ್ಕೊಂಡು ಕಳಿಸ್ತಿದ್ವಿ. ಕೂಲಿಗೆ ಕಳಿಸೋದು ತಪ್ಪು ಅನ್ನೋದನ್ನೂ ಅಲ್ಲೇ ಮಾತಾಡಿದ್ವಿ, ದೊಡ್ಡವರ ನಡುವೆ.

ಈಗ ಮರಳಿದವರಿಗೆ ಮೊದಲ ವಾರ ಗೈರಿನ ಪ್ರಶ್ನೆ ಕೇಳಂಗಿಲ್ಲ. ತಪ್ಪಿದ ಪಾಠಕ್ಕೆ ಬಿಸಿಯೂಟ ಆದಮೇಲೆ ಅರ್ಧ ತಾಸು. ಹುಡುಗಿ ಬಂದ್ಲು. ನನ್ನ ಮುಖ ನೋಡಿ ಮಾತಾಡಾಕ ಮಾತ್ರ ತಿಂಗಳು ಹಿಡೀತು.