ವಿಜ್ಞಾನ ಪತ್ರಿಕೆಗೆ ಹಸ್ತಪ್ರತಿ

ಕನ್ನಡ ಪಂಡಿತನಿಗೂ ವಿಜ್ಞಾನ ಪತ್ರಿಕೆಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಹೋದ ವರ್ಷದವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಓಲೆಯ ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಪಾಠ ನಿರ್ಣಯಿಸುವುದನ್ನು ಕಲಿತವನು ನಾನು. ಕೊಳವೆ ಬಾವಿಯ ನೀರಿನಲ್ಲಿ ಯಾವ ಲವಣ ಎಷ್ಟಿದೆಯೆಂದು ಅಳೆಯುವುದು ನನ್ನ ವಿದ್ಯೆಯಲ್ಲ. ಹೀಗಿರುವಾಗ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು, ಇಪ್ಪತ್ತು ಹಾಳೆಗಳ ಒಂದು ಕಟ್ಟನ್ನು ಮೇಜಿನ ಮೇಲಿಟ್ಟಳು. "ಮೇಷ್ಟ್ರೇ, ಅಂತರ್ಜಾಲದ ಪತ್ರಿಕೆಯೊಂದಕ್ಕೆ ಈ ಪ್ರಬಂಧ ಕಳಿಸಿದ್ದೆ. ಮೂರೇ ದಿನದಲ್ಲಿ ಒಪ್ಪಿದ್ದಾರೆ. ಹಣ ಕಟ್ಟುವ ಮೊದಲು ನೀವೊಮ್ಮೆ ಕಣ್ಣಾಡಿಸಿ. ತಪ್ಪು ಹುಡುಕುವುದರಲ್ಲಿ ನಿಮಗಿಂತ ಗಟ್ಟಿಗರನ್ನು ನಾನು ಕಂಡಿಲ್ಲ" ಎಂದಳು. ಹೊಗಳಿಕೆಯೋ ಹಳೆಯ ಸೇಡೋ ತಿಳಿಯಲಿಲ್ಲ!

ಅವಳು ಬರೆದಿದ್ದ ವಿಷಯ ಬಯಲುಸೀಮೆಯವರಿಗೆ ಹೊಸದಲ್ಲ. ಕೋಲಾರ, ತುಮಕೂರು ಜಿಲ್ಲೆಗಳ ಅನೇಕ ಊರುಗಳಲ್ಲಿ ಅಂತರ್ಜಲದ ಫ್ಲೋರೈಡ್ ಅಂಶ ಮಿತಿಮೀರಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಗೊತ್ತುಮಾಡಿರುವುದು ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಸೈರಿಸಬಹುದು. ಇದು ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಲೆ ಕೂರುತ್ತದೆ. ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಕೀಲುಗಳು ಬಿಗಿಯುತ್ತವೆ. ಪಾಠ ಹೇಳುವಾಗ ಏನಾದರೂ ನಗೆಯ ಮಾತು ಬಂದರೆ, ಕೆಲವು ಮಕ್ಕಳು ತುಟಿಗೆ ಕೈ ಅಡ್ಡ ಹಿಡಿದು ನಗುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಆ ಹಾಳೆಗಳನ್ನು ಉದಾಸೀನದಿಂದ ಓದುವುದಕ್ಕೆ ಆಗಲಿಲ್ಲ.

ವಿಜ್ಞಾನದ ಪ್ರಬಂಧಕ್ಕೆ ಒಂದು ಕಟ್ಟುಪಾಡುಂಟು. ಮೊದಲು ಶೀರ್ಷಿಕೆ, ಅದರ ಕೆಳಗೆ ಚಿಕ್ಕದೊಂದು ಸಾರಾಂಶ. ಆಮೇಲೆ ಪೀಠಿಕೆ, ಅಂದರೆ ಈ ಪ್ರಶ್ನೆಯನ್ನು ಏಕೆ ಎತ್ತಿಕೊಂಡೆವು ಎಂಬುದು. ಮುಂದೆ ವಿಧಾನ, ಫಲಿತಾಂಶ, ಚರ್ಚೆ. ಕಟ್ಟಕಡೆಗೆ, ಯಾರ ಯಾರ ಕೆಲಸಕ್ಕೆ ಋಣಿಗಳೆಂಬ ಪಟ್ಟಿ. ಇವುಗಳಲ್ಲಿ ವಿಧಾನದ ಭಾಗ ನನಗೆ ಬಹಳ ಹಿಡಿಸಿತು. ಬೇರೆ ಊರಿನ, ಮುಖವನ್ನೇ ಕಾಣದ ಒಬ್ಬನು ಅದನ್ನು ಓದಿಕೊಂಡು ಅದೇ ಪ್ರಯೋಗವನ್ನು ತಾನೂ ಮಾಡಿ ನೋಡುವಂತಿರಬೇಕು. ನೀರನ್ನು ಗಾಜಿನ ಸೀಸೆಯಲ್ಲಿ ತಂದೆವೋ ಪ್ಲಾಸ್ಟಿಕ್ ಬಾಟಲಿಯಲ್ಲಿಯೋ ಎಂಬುದು ಕೂಡ ಅಲ್ಲಿ ಬರಬೇಕು. ಫ್ಲೋರೈಡ್ ಅಳೆಯುವ ನೀರಿಗೆ ಪ್ಲಾಸ್ಟಿಕ್ಕೇ ಆಗಬೇಕಂತೆ. ನಮ್ಮ ಅಡಿಗೆ ಪುಸ್ತಕಗಳಲ್ಲಿ "ಹದವಾಗಿ ಹುರಿಯುವುದು" ಎಂದು ಬರೆದು ಮುಗಿಸಿಬಿಡುತ್ತಾರೆ. ಇಲ್ಲಿ ಆ ಹದ ಎಷ್ಟೆಂದು ಹೇಳದೆ ಬಿಡುವ ಹಾಗಿಲ್ಲ.

ಓದುತ್ತ ಹೋದಂತೆ ನನ್ನ ಹಳೆಯ ಚಾಳಿ ಎಚ್ಚೆತ್ತಿತು. ಸಾರಾಂಶದಲ್ಲಿ 48 ಕೊಳವೆ ಬಾವಿಗಳು ಎಂದಿತ್ತು. ಒಳಗಿನ ಪಟ್ಟಿಯಲ್ಲಿ ಎಣಿಸಿದರೆ 46. ಇನ್ನೊಂದು ಕಡೆ ಆರ್ಸೆನಿಕ್ ಅಂಶವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟಿತ್ತು. ಅದಕ್ಕೆ ಹೊಂದುವ ಚಿತ್ರದಲ್ಲಿ ಅದೇ ಅಂಕಿ ಮೈಕ್ರೋಗ್ರಾಂ ಆಗಿತ್ತು. ಒಂದಕ್ಕೂ ಇನ್ನೊಂದಕ್ಕೂ ಸಾವಿರ ಪಟ್ಟು ಅಂತರ! "ಯಾವುದಮ್ಮಾ ಸರಿ?" ಎಂದೆ. ಹುಡುಗಿಯ ಮುಖ ಬೆಳ್ಳಗಾಯಿತು. ಎರಡು ಬಾವಿಗಳು ನಡುವೆ ಬತ್ತಿಹೋಗಿದ್ದುವು. ಪಟ್ಟಿಯಿಂದ ತೆಗೆದವಳು ಸಾರಾಂಶದಲ್ಲಿ ತಿದ್ದಲು ಮರೆತಿದ್ದಳು. ಮೈಕ್ರೋ ಎಂಬುದನ್ನು ಸೂಚಿಸುವ ಗ್ರೀಕ್ ಅಕ್ಷರವನ್ನು ಅವಳು ಬೇರೊಂದು ಫಾಂಟಿನಲ್ಲಿ ಕೂಡಿಸಿದ್ದಳು. ಕಡತ ಮತ್ತೊಂದು ಕಂಪ್ಯೂಟರಿಗೆ ಹೋದಾಗ ಆ ಫಾಂಟು ಕಳಚಿ, ಅಕ್ಷರವು ಇಂಗ್ಲಿಷಿನ 'ಎಂ' ಆಗಿ ಕುಳಿತಿತ್ತು. ನಮ್ಮ ಹಳೆಯ ಕನ್ನಡ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಾಗದ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಂಡ ಅನುಭವ ನಿಮ್ಮಲ್ಲಿ ಹಲವರಿಗೆ ಇದ್ದೀತು. ಅದು ಅರ್ಥವಿಲ್ಲದ್ದೆಂದು ನೋಡಿದ ಕೂಡಲೇ ತಿಳಿಯುತ್ತದೆ. ಇದು ಹಾಗಲ್ಲ; ತಪ್ಪಾಗಿಯೂ ಅರ್ಥವಿರುವಂತೆಯೇ ತೋರುತ್ತದೆ. ಲಿಪಿಕಾರನ ಕೈತಪ್ಪುಗಳಲ್ಲಿಯೂ ಅಪಾಯಕಾರಿಯಾದದ್ದು ಈ ಜಾತಿಯದೇ.

ಇಷ್ಟು ದೊಡ್ಡ ತಪ್ಪುಗಳಿದ್ದ ಪ್ರತಿಯನ್ನು ಇಬ್ಬರು ತಜ್ಞರು ಪರೀಕ್ಷಿಸಿ, ಒಂದಕ್ಷರವನ್ನೂ ಬದಲಿಸದೆ, "ಅತ್ಯುತ್ತಮ" ಎಂದು ಮೂರು ದಿನದಲ್ಲಿ ಒಪ್ಪಿದ್ದರಂತೆ. ಅವರು ಓದಿಯೇ ಇರಲಿಲ್ಲವೆಂಬುದರಲ್ಲಿ ಇನ್ನು ಸಂಶಯವೇನು? ಇಂಥ ಪತ್ರಿಕೆಗಳು ಇಂದು ಅಂತರ್ಜಾಲದಲ್ಲಿ ಅಣಬೆಗಳಂತೆ ಎದ್ದಿವೆ. "ಮಾನ್ಯ ವಿದ್ವಾಂಸರೇ" ಎಂದು ಕರೆದು ಓಲೆ ಕಳಿಸುತ್ತವೆ. ಲೇಖಕರಿಂದ ಹಣ ಪಡೆಯುವ ಪತ್ರಿಕೆಗಳೆಲ್ಲವೂ ಮೋಸವೆಂದು ನಾನು ಹೇಳುವುದಿಲ್ಲ. ಓದುಗರಿಗೆ ಬಿಟ್ಟಿಯಾಗಿ ದೊರೆಯಬೇಕೆಂಬ ಉದ್ದೇಶದಿಂದ ವೆಚ್ಚವನ್ನು ಲೇಖಕರ ಸಂಸ್ಥೆಯಿಂದ ಪಡೆಯುವ ಸಾಚಾ ಪತ್ರಿಕೆಗಳಿವೆ; 2003ರಲ್ಲಿ ಹೊರಟ 'ಪ್ಲಾಸ್ ಬಯಾಲಜಿ' ಅಂಥದೊಂದು. ಮುಕ್ತವಾಗಿ ಓದಸಿಗುವ ಪತ್ರಿಕೆಗಳ ಒಂದು ಸೂಚಿಯೂ ಅದೇ ವರ್ಷ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಯಿತು. ಪತ್ರಿಕೆಯ ಹೆಸರು ಅದರಲ್ಲಿ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಸಂಪಾದಕ ಮಂಡಲಿಯಲ್ಲಿ ಯಾರಿದ್ದಾರೆ, ಹಿಂದಿನ ಸಂಚಿಕೆಗಳಲ್ಲಿ ಏನಿದೆ ಎಂದು ಹತ್ತು ನಿಮಿಷ ನೋಡಿದರೂ ಬಹಳಷ್ಟು ತಿಳಿಯುತ್ತದೆ. ನಿಮ್ಮ ಮನೆಯ ಮಗನೋ ಸೊಸೆಯೋ ಸಂಶೋಧನೆಯಲ್ಲಿದ್ದು, ಪ್ರಕಟಣೆಗೆಂದು ಹಣ ಕೇಳಿದರೆ, ಆ ಹತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತು ನೋಡಿ.

ಹುಡುಗಿ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆಂದು ಬರೆದಳು. ಹಿಂತೆಗೆದುಕೊಳ್ಳುವುದಕ್ಕೂ ಹಣ ಕೊಡಬೇಕೆಂದು ಉತ್ತರ ಬಂತು! ಪುಣ್ಯಕ್ಕೆ ಅವಳು ಹಕ್ಕುಪತ್ರಕ್ಕೆ ಸಹಿ ಹಾಕಿರಲಿಲ್ಲ. ಹಣ ಕೊಡಲಿಲ್ಲ. ಅವರು ಪ್ರಕಟಿಸಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಪತ್ರಗಳನ್ನೆಲ್ಲ ಜೋಪಾನವಾಗಿಟ್ಟಳು. ಏಕೆಂದರೆ ಒಂದು ಪ್ರಬಂಧವನ್ನು ಒಂದೇ ಕಾಲಕ್ಕೆ ಎರಡು ಕಡೆ ಕಳಿಸತಕ್ಕದ್ದಲ್ಲ. ಒಂದು ಕಡೆ ಪ್ರಕಟವಾದುದನ್ನು ಇನ್ನೊಂದು ಸಾಚಾ ಪತ್ರಿಕೆ ಹೊಸದೆಂದು ತೆಗೆದುಕೊಳ್ಳುವುದಿಲ್ಲ. ಅಲ್ಲಿ ಅಚ್ಚಾಗಿದ್ದರೆ ಅವಳ ಎರಡು ಬೇಸಗೆಯ ಅಲೆದಾಟ ಆ ಹಾಳು ಬಾವಿಗೆ ಬಿದ್ದಂತಾಗುತ್ತಿತ್ತು.

ಎರಡನೆಯ ಸಲ ಕಳಿಸುವಾಗ ನಾನು ಪಕ್ಕದಲ್ಲಿದ್ದೆ. ಹಿಂದೆ ಇದೆಲ್ಲ ಅಂಚೆಯ ಕೆಲಸ. 1928ರ ಮಾರ್ಚ್ 16ರಂದು ಸರ್ ಸಿ. ವಿ. ರಾಮನ್ ಅವರು ತಮ್ಮ ಹೊಸ ಬೆಳಕಿನ ವಿಷಯವಾಗಿ ಬೆಂಗಳೂರಿನಲ್ಲಿ ಉಪನ್ಯಾಸ ಮಾಡಿ, ಅದನ್ನು ಕೂಡಲೇ ಅಚ್ಚು ಹಾಕಿಸಿ, ಪ್ರತಿಗಳನ್ನು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಈಗ ಪತ್ರಿಕೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಪ್ರಬಂಧ, ಚಿತ್ರ, ಪಟ್ಟಿ, ಸಂಪಾದಕರಿಗೆ ಪತ್ರ ಎಲ್ಲವನ್ನೂ ಬೇರೆ ಬೇರೆಯಾಗಿ ಏರಿಸಬೇಕು. ಯಾವ ಲೇಖಕರು ಯಾವ ಕೆಲಸ ಮಾಡಿದರು, ಹಣ ಎಲ್ಲಿಂದ ಬಂತು ಎಂಬುದನ್ನು ತಿಳಿಸಬೇಕು. ಲೇಖಕರಿಗೆ 16 ಸ್ಥಾನಗಳ ಒಂದು ಗುರುತಿನ ಸಂಖ್ಯೆಯೂ ಉಂಟು. 'ಆರ್ಕಿಡ್' ಎಂಬ ಈ ಏರ್ಪಾಡು 2012ರಿಂದ ನಡೆಯುತ್ತಿದೆ. ಊರಿನ ಹೆಸರು, ತಂದೆಯ ಹೆಸರು ಎಂದು ಇನಿಷಿಯಲ್ ಹಚ್ಚಿಕೊಂಡು, ಒಂದೊಂದು ಕಡೆ ಒಂದೊಂದು ರೀತಿ ಬರೆಯುವ ನಮ್ಮವರಿಗೆ ಇದು ದೊಡ್ಡ ಉಪಕಾರ.

ಎಲ್ಲ ಏರಿಸಿದ ಮೇಲೆ ತಾಣವು ಅವನ್ನೆಲ್ಲ ಹೊಲಿದು ಒಂದೇ ಕಡತ ಮಾಡಿ ಲೇಖಕರ ಮುಂದಿಡುತ್ತದೆ. ನೋಡಿ ಒಪ್ಪಿದರೆ ಮಾತ್ರ ಅದು ಸಂಪಾದಕರಿಗೆ ಹೋಗುತ್ತದೆ. ಅನೇಕರು ನೋಡದೆಯೇ ಒಪ್ಪುತ್ತಾರಂತೆ. ನಾವು ಅಂದು ರಾತ್ರಿ ಹತ್ತರವರೆಗೆ ಕುಳಿತೆವು. ಅವಳು ಅಂಕಿಗಳನ್ನು ಗಟ್ಟಿಯಾಗಿ ಓದುವುದು, ನಾನು ಅವಳ ಮೂಲ ನೋಟುಬುಕ್ಕಿನಲ್ಲಿ ಬೆರಳಿಟ್ಟು ನೋಡುವುದು. ಮೈಕ್ರೋ ತನ್ನ ಜಾಗದಲ್ಲಿತ್ತು. 46 ಎಲ್ಲ ಕಡೆಯೂ 46 ಆಗಿತ್ತು.

ಮೂರು ತಿಂಗಳಾದ ಮೇಲೆ ಉತ್ತರ ಬಂತು. ಇಬ್ಬರು ಪರೀಕ್ಷಕರು ಸೇರಿ ನಾಲ್ಕು ಪುಟ ಆಕ್ಷೇಪಣೆ ಬರೆದಿದ್ದರು. ಅಳೆಯುವ ಉಪಕರಣವನ್ನು ಯಾವ ಯಾವ ಪ್ರಮಾಣದ್ರಾವಣಗಳಿಂದ ಸರಿನೋಡಿದಿರಿ ಎಂದು ಒಬ್ಬರು ಕೇಳಿದ್ದರು. ನೀರನ್ನೆಲ್ಲ ಬೇಸಗೆಯಲ್ಲಿಯೇ ತೆಗೆದಿದ್ದೀರಿ, ಮಳೆ ಬಿದ್ದ ಮೇಲೆ ಏನಾಗುತ್ತದೆ ಎಂದು ಇನ್ನೊಬ್ಬರು. ಹುಡುಗಿಗೆ ಕೋಪವೂ ಬಂತು, ಅಳುವೂ ಬಂತು. ಆಗ ನಾನು ಐನ್‌ಸ್ಟೈನರ ಕಥೆ ಹೇಳಿದೆ. 1936ರಲ್ಲಿ ಅವರು ರೋಸೆನ್ ಎಂಬ ಸಹಾಯಕರೊಡನೆ, ಗುರುತ್ವದ ಅಲೆಗಳು ಇಲ್ಲವೆಂದು ಪ್ರಬಂಧ ಬರೆದು ಅಮೆರಿಕೆಯ 'ಫಿಸಿಕಲ್ ರಿವ್ಯೂ' ಪತ್ರಿಕೆಗೆ ಕಳಿಸಿದರು. ಸಂಪಾದಕರು ಅದನ್ನು ಒಬ್ಬ ಪರೀಕ್ಷಕರಿಗೆ ತೋರಿಸಿ, ಅವರ ಆಕ್ಷೇಪಣೆಗಳನ್ನು ಹಿಂದಿರುಗಿಸಿದರು. ಅಚ್ಚಿಗೆ ಮುಂಚೆ ಇನ್ನೊಬ್ಬರಿಗೆ ತೋರಿಸಲು ನಾನು ಹೇಳಿರಲಿಲ್ಲವಲ್ಲ ಎಂದು ಐನ್‌ಸ್ಟೈನರು ಮುನಿದು ಪ್ರಬಂಧವನ್ನು ಹಿಂದಕ್ಕೆ ಪಡೆದರು. ಆದರೆ ಮರುವರ್ಷ ಅದು ಬೇರೊಂದು ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ಬದಲಾಗಿತ್ತು. ತಪ್ಪು ಇತ್ತೆಂಬುದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಆ ಅಲೆಗಳನ್ನು 2015ರಲ್ಲಿ ಉಪಕರಣಗಳು ಹಿಡಿದೇ ಬಿಟ್ಟವು.

"ಹಾಗಾದರೆ ಇವರು ನನ್ನ ಪ್ರಬಂಧವನ್ನು ನಿಜವಾಗಿ ಓದಿದ್ದಾರೆ, ಅಲ್ಲವೇ ಮೇಷ್ಟ್ರೇ?" ಎಂದಳು. ನಾಲ್ಕು ಪುಟಗಳನ್ನು ಮತ್ತೆ ತೆರೆದು, ಪ್ರತಿಯೊಂದು ಆಕ್ಷೇಪಣೆಗೂ ಎದುರಾಗಿ ಉತ್ತರ ಬರೆಯಲು ಒಂದು ಪಟ್ಟಿ ಹಾಕಿಕೊಂಡಳು. ಮಳೆಯ ಪ್ರಶ್ನೆಯ ಎದುರಿನ ಜಾಗ ಮಾತ್ರ ಖಾಲಿ ಉಳಿಯಿತು. ಕುಳಿತಲ್ಲಿ ಬರೆಯುವ ಉತ್ತರ ಅದಲ್ಲ. ಸಂಪಾದಕರು ಆರು ತಿಂಗಳ ವಾಯಿದೆ ಕೊಟ್ಟಿದ್ದಾರೆ. ಈಗ ಮಳೆ ನಿಂತಿದೆ. ಬರುವ ಭಾನುವಾರ ಅವಳು 46 ಪ್ಲಾಸ್ಟಿಕ್ ಬಾಟಲಿಗಳನ್ನು ಹೊತ್ತು ಹಳ್ಳಿಗಳ ಕಡೆ ಹೊರಡುತ್ತಾಳೆ. ಬಾಟಲಿಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೇನೆ.