ಕಾರಿನ ಹುಚ್ಚು ಹಿಡಿದು ಕಡಲು ದಾಟಿದವರು

(ಪಾಲಿಟೆಕ್ನಿಕ್ ಒಂದರ ಆಟೊಮೊಬೈಲ್ ವಿಭಾಗದ ವಿದ್ಯಾರ್ಥಿಗಳ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಇಂಜಿನ್ ಬಿಚ್ಚಿ ಜೋಡಿಸಬಲ್ಲ ನಿಮ್ಮೆದುರು ಕಾರಿನ ಬಗ್ಗೆ ಮಾತನಾಡಲು ನಾನೇನೂ ಅರ್ಹನಲ್ಲ. ಓದಿದ್ದು ಪತ್ರಿಕೋದ್ಯಮದ ಡಿಪ್ಲೊಮಾ, ಓಡಿಸುವುದು ಹಳೆಯ ಸ್ಕೂಟರು. ಜಪಾನಿಗಂತೂ ನಾನು ಹೋದವನೇ ಅಲ್ಲ. ಆದರೂ ನಿಮ್ಮ ಮೇಷ್ಟ್ರು ಕರೆದಾಗ ಒಪ್ಪಿಕೊಂಡೆ. ಕಾರಣ, ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳೆಯನೊಬ್ಬ ಬೆಂಗಳೂರಿನ ಕೆಲಸ ಬಿಟ್ಟು ಜಪಾನಿಗೆ ಹೋಗಿದ್ದಾನೆ. ಸಂಬಳ ಹೆಚ್ಚೆಂದಲ್ಲ, ಅಲ್ಲಿನ ಕಾರುಗಳಿಗಾಗಿ. ಹಬ್ಬಕ್ಕೆ ಅವನ ಮನೆಗೆ ಹೋಗಿದ್ದಾಗ ಅವನ ತಂದೆ ಕೇಳಿದರು: "ಹೊಟ್ಟೆಪಾಡಿಗೆ ದೇಶ ಬಿಟ್ಟೋರನ್ನ ನೋಡಿದೀನಿ, ಓದೋಕೆ ಹೋದೋರನ್ನ ನೋಡಿದೀನಿ. ಕಾರಿನ ಖಯಾಲಿಗೆ ಯಾರಾದ್ರೂ ಅಪ್ಪ ಅಮ್ಮನ್ನ ಬಿಟ್ಟು ಹೋಗ್ತಾರೇನಪ್ಪಾ?" ಆಗ ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿನ ಮಾತು ಆ ಉತ್ತರದ ಹುಡುಕಾಟ.

ಅವರ ಮನೆಯ ಅಂಗಳದಲ್ಲಿ ಒಂದು ಮಾರುತಿ 800 ನಿಂತಿತ್ತು. ನಮ್ಮ ಮಧ್ಯಮ ವರ್ಗದ ಈ ಮೊದಲ ಕನಸು ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ. ಅದರ ತವರು ಜಪಾನ್. ಅಲ್ಲಿ ಅದು ಸುಜುಕಿ ಆಲ್ಟೊ ಎಂಬ ಪುಟ್ಟ ಕಾರು. ಇಂಥವನ್ನು ಅಲ್ಲಿ 'ಕೇ' ಕಾರು ಎನ್ನುತ್ತಾರೆ, ಅಂದರೆ ಹಗುರ ಕಾರು. ಯುದ್ಧದಲ್ಲಿ ಸೋತು ಬಡವಾಗಿದ್ದ ದೇಶ 1949ರಲ್ಲಿ ಈ ವರ್ಗವನ್ನು ಕಾನೂನಿನಲ್ಲಿ ಸೇರಿಸಿತು. ಇಂದಿನ ಅಳತೆಯಂತೆ ಉದ್ದ 3.4 ಮೀಟರ್ ದಾಟಬಾರದು, ಅಗಲ 1.48 ಮೀಟರ್, ಇಂಜಿನ್ 660 ಸಿಸಿ. ಈ ಮಿತಿಯೊಳಗಿದ್ದರೆ ತೆರಿಗೆ ಕಡಿಮೆ. ನಂಬರ್ ಪ್ಲೇಟು ಹಳದಿ. ನಮ್ಮಲ್ಲಿ ಅದು ಟ್ಯಾಕ್ಸಿಯ ಬಣ್ಣವಾದ್ದರಿಂದ ಗೆಳೆಯ ಫೋಟೊ ಕಳಿಸಿದಾಗ ಅವನ ತಾಯಿ "ಬಾಡಿಗೆ ಓಡಿಸ್ತಾನಾ?" ಎಂದು ಗಾಬರಿಯಾದರಂತೆ.

ಸ್ವಾರಸ್ಯ ಇರುವುದು ಮುಂದೆ. ಷಟ್ಪದಿಯ ಮಾತ್ರೆಗಳ ಲೆಕ್ಕದೊಳಗೇ ನಮ್ಮ ಕವಿಗಳು ಆಡಿದ ಆಟದಂತೆ ಅಲ್ಲಿನ ಇಂಜಿನಿಯರುಗಳು ಈ ಅಳತೆಯೊಳಗೇ ಆಟವಾಡಿದರು. 1991ರಲ್ಲಿ ಹೋಂಡಾ ಕಂಪನಿ 'ಬೀಟ್' ಎಂಬ ಕಾರು ತಂದಿತು. ಎರಡೇ ಸೀಟು, ಚಾವಣಿ ಮಡಚಬಹುದು, ಇಂಜಿನ್ ಸೀಟಿನ ಹಿಂದೆ. ಅದೇ ವರ್ಷ ಸುಜುಕಿ 'ಕ್ಯಾಪುಚಿನೊ' ತಂದಿತು. ದಿನಸಿ ತರುವ ಕಾರಿನ ಅಳತೆಯಲ್ಲಿ ಕ್ರೀಡಾ ಕಾರು! ನನ್ನ ಗೆಳೆಯ ಕೊಂಡಿರುವುದು ಹಳೆಯ ಬೀಟ್. ಹೆಚ್ಚುಕಡಿಮೆ ಅವನದೇ ವಯಸ್ಸು ಅದಕ್ಕೆ.

ಜಪಾನಿನ ಕಾರು ಸಂಸ್ಕೃತಿ ಎಂದರೆ ಕಡಿವಾಣವಿಲ್ಲದ ವೇಗ ಎಂದು ಸಿನಿಮಾ ನೋಡಿದ ನಾವು ತಿಳಿದಿದ್ದೇವೆ. ನಿಜಾಂಶ ಇದರ ತಿರುವುಮುರುವು. 1962ರ ಕಾನೂನಿನಂತೆ ಅಲ್ಲಿ ಕಾರು ನಿಲ್ಲಿಸಲು ಜಾಗವಿದೆಯೆಂದು ತೋರಿಸಬೇಕು. ದೊಡ್ಡ ಕಾರಾದರೆ ನೋಂದಣಿಗೆ ಮೊದಲೇ ಪೊಲೀಸರ ಪ್ರಮಾಣಪತ್ರ ಬೇಕು, ಆ ಜಾಗ ಮನೆಯಿಂದ 2 ಕಿಲೋಮೀಟರಿನೊಳಗಿರಬೇಕು. ಇನ್ನು 'ಶಾಕೆನ್' ಎಂಬ ತಪಾಸಣೆ. ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ ಪ್ರತಿ 2 ವರ್ಷಕ್ಕೊಮ್ಮೆ. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ ಒಮ್ಮೆ ಆದರೆ 15 ವರ್ಷ ನಿಶ್ಚಿಂತೆ. ಅಲ್ಲಿ ಬ್ರೇಕು, ಹೆಡ್‌ಲೈಟಿನ ದಿಕ್ಕು, ಹೊಗೆ, ಸೈಲೆನ್ಸರಿನ ಸದ್ದು ಎಲ್ಲವನ್ನೂ ಯಂತ್ರವಿಟ್ಟು ಅಳೆಯುತ್ತಾರೆ. ಕಾರು 13 ವರ್ಷ ದಾಟಿದರೆ ತೆರಿಗೆಯೂ ಏರುತ್ತದೆ. ಗೆಳೆಯನ ಪುಟ್ಟ ಕಾರಿಗೆ ವರ್ಷಕ್ಕೆ 10,800 ಯೆನ್ ಬದಲು 12,900 ಯೆನ್.

ಇಷ್ಟು ಬಿಗಿ ಇರುವಲ್ಲಿ ಹವ್ಯಾಸ ಬೆಳೆದದ್ದು ಹೇಗೆ? ಅಲ್ಲಿನ ನಿಯಮ 'ಕೂಡದು' ಎಂದು ಕೈತೊಳೆದುಕೊಳ್ಳುವುದಿಲ್ಲ, 'ಇಷ್ಟರವರೆಗೆ ಆಗಬಹುದು' ಎನ್ನುತ್ತದೆ. 1995ರಲ್ಲಿ ಸರ್ಕಾರ ಮಾರ್ಪಾಡಿನ ನಿಯಮಗಳನ್ನು ಸಡಿಲಿಸಿತು. ಗೊತ್ತುಪಡಿಸಿದ ಬಿಡಿಭಾಗಗಳನ್ನು ಹಾಕಿಕೊಂಡರೆ ಹೊಸದಾಗಿ ಪರೀಕ್ಷೆಗೆ ಒಡ್ಡಬೇಕಿಲ್ಲ. ಬೇರೆ ಬದಲಾವಣೆಯಿಂದ ಉದ್ದದಲ್ಲಿ 3 ಸೆಂಟಿಮೀಟರ್, ಅಗಲದಲ್ಲಿ 2, ಎತ್ತರದಲ್ಲಿ 4 ವ್ಯತ್ಯಾಸವಾದರೆ ತಕರಾರಿಲ್ಲ. ಕಾರನ್ನು ತಗ್ಗಿಸಬಹುದು, ಆದರೆ ನೆಲದಿಂದ 9 ಸೆಂಟಿಮೀಟರ್ ಎತ್ತರ ಉಳಿಯಬೇಕು. ನಮ್ಮಲ್ಲೋ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾವಣೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಕೈಯಲ್ಲಿ ಕಸುಬು ಇರುವ ಹುಡುಗನಿಗೆ ಇಲ್ಲಿ ಉಳಿಯುವುದು ಎರಡೇ ದಾರಿ: ಕದ್ದು ಮಾಡುವುದು, ಇಲ್ಲವೇ ಸುಮ್ಮನಿರುವುದು.

ಹಾಗೆಂದು ಅಲ್ಲಿ ಎಲ್ಲರೂ ಸಂಭಾವಿತರೆಂದಲ್ಲ. ರಾತ್ರಿ ಗುಂಪುಕಟ್ಟಿ ರಸ್ತೆ ಆಳುತ್ತಿದ್ದ 'ಬೊಸೊಜೊಕು' ಪುಂಡರನ್ನು ಹತ್ತಿಕ್ಕಲು 1978ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ ಕಾರನ್ನು ಅಡ್ಡಡ್ಡ ಓಡಿಸುವ 'ಡ್ರಿಫ್ಟಿಂಗ್' ವಿದ್ಯೆಯೂ ಹಾಗೇ. ರೇಸಿಂಗ್ ಪಥದಲ್ಲಿ ಕುನಿಮಿಟ್ಸು ತಕಹಾಶಿ ತೋರಿಸಿದ ಈ ಚಮತ್ಕಾರವನ್ನು ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಯಲ್ಲಿ ಪಳಗಿಸಿಕೊಂಡ. ಶುಯಿಚಿ ಶಿಗೆನೊ 1995ರಿಂದ 2013ರವರೆಗೆ ಬರೆದ 'ಇನಿಶಿಯಲ್ ಡಿ' ಚಿತ್ರಕಥೆ ಇದನ್ನು ಲೋಕಕ್ಕೆಲ್ಲ ಹಬ್ಬಿಸಿತು. ತೋಫು ಹಂಚುವ ಹುಡುಗ ಹಳೆಯ ಟೊಯೊಟಾದಲ್ಲಿ ಬೆಟ್ಟ ಇಳಿಯುವ ಕಥೆ ಅದು. ಕಥೆಗೆ ಮೂಲವಾದ ಗುನ್ಮಾ ಪ್ರಾಂತ್ಯದ ಹರುನಾ ಬೆಟ್ಟಕ್ಕೆ ಈಗ ಅಭಿಮಾನಿಗಳು ಯಾತ್ರೆ ಹೋಗುತ್ತಾರೆ. ಅಲ್ಲಿ ಅವರನ್ನು ಸ್ವಾಗತಿಸುವುದು ವೇಗ ತಡೆಯುವ ರಸ್ತೆ ಉಬ್ಬುಗಳು!

ಆಟಕ್ಕೆ ನ್ಯಾಯವಾದ ಬಯಲೂ ಇದೆ. ಫುಕುಶಿಮಾ ಪ್ರಾಂತ್ಯದ ಎಬಿಸು ಸರ್ಕಿಟ್‌ನಲ್ಲಿ ಡ್ರಿಫ್ಟಿಂಗ್ ಕಲಿಯಲೆಂದೇ ಆಸ್ಟ್ರೇಲಿಯಾ, ಯೂರೋಪು, ಅಮೆರಿಕಗಳಿಂದ ಬಂದು ಹಳೆಯ ಕಾರು ಕೊಂಡು ತಿಂಗಳುಗಟ್ಟಲೆ ಉಳಿದವರಿದ್ದಾರೆ. 2021ರ ಫೆಬ್ರುವರಿಯ ಭೂಕಂಪದಲ್ಲಿ ಗುಡ್ಡ ಕುಸಿದು ಅಲ್ಲಿನ ಒಂದು ಪಥವೇ ಮಣ್ಣಿನಡಿ ಹೂತುಹೋಯಿತು. ಇನ್ನು ಯೊಕೊಹಾಮಾದ ದೈಕೊಕು ಪಾರ್ಕಿಂಗ್ ತಾಣ. ವಾರಾಂತ್ಯದ ರಾತ್ರಿ ಅಲ್ಲಿ ಸೇರುವ ಕಾರುಗಳನ್ನು ನೋಡಲು ಪ್ರಪಂಚದ ಜನ ಬರುತ್ತಾರೆ. ಸದ್ದು ಜಾಸ್ತಿಯಾದರೆ ಪೊಲೀಸರು ಮೈಕಿನಲ್ಲಿ ಹೇಳಿ ಜಾಗ ಮುಚ್ಚಿಸುತ್ತಾರೆ, ಜನ ಸಾಲಾಗಿ ಹೊರಡುತ್ತಾರೆ.

ಜಪಾನಿ ಭಾಷೆಯಲ್ಲಿ ಹವ್ಯಾಸಕ್ಕೆ 'ಶುಮಿ' ಎಂಬ ಶಬ್ದವಿದೆ. ಕೆಲಸದ ಅರ್ಜಿಯ ನಮೂನೆಗಳಲ್ಲೂ ಅದಕ್ಕೊಂದು ಅಂಕಣ ಇರುವುದುಂಟು. ನಾವೂ ಬಯೊಡೇಟಾದಲ್ಲಿ 'ಓದುವುದು, ಕ್ರಿಕೆಟ್' ಎಂದು ಬರೆದು ಮರೆಯುತ್ತೇವೆ. ಅಲ್ಲಿ ಸಹೋದ್ಯೋಗಿ ಅದನ್ನೇ ಹಿಡಿದು ಮಾತಿಗೆ ಕೂರುತ್ತಾನೆ. ಒಬ್ಬ ರೈಲುಗಳ ಫೋಟೊ ತೆಗೆಯಲು ಮುಂಜಾನೆ ಹೊಲದ ಬದುವಿನಲ್ಲಿ ಕಾಯುತ್ತಾನೆ. ಇನ್ನೊಬ್ಬ ತಮಿಯಾ ಕಂಪನಿ 1982ರಲ್ಲಿ ಶುರುಮಾಡಿದ ಪುಟಾಣಿ ಆಟಿಕೆ ಕಾರುಗಳನ್ನು ಐವತ್ತರ ವಯಸ್ಸಿನಲ್ಲೂ ಓಡಿಸುತ್ತಾನೆ. ಯಾರೂ ನಗುವುದಿಲ್ಲ. ನಮ್ಮಲ್ಲೂ ಹಗಲು ಬ್ಯಾಂಕಿನ ಕೆಲಸ ಮುಗಿಸಿ ರಾತ್ರಿ ವೇಷ ಕಟ್ಟುವ ಹವ್ಯಾಸಿ ಯಕ್ಷಗಾನ ಕಲಾವಿದರಿಲ್ಲವೆ? ಆ ಗೌರವವನ್ನು ಸ್ಪ್ಯಾನರ್ ಹಿಡಿದವನಿಗೆ ನಾವಿನ್ನೂ ಕೊಟ್ಟಿಲ್ಲ, ಅಷ್ಟೆ.

ನಿಮ್ಮಲ್ಲಿ ಕೆಲವರ ಕಣ್ಣು ಈಗಾಗಲೇ ಮಿನುಗುತ್ತಿದೆ. ಆದ್ದರಿಂದ ಒಣ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಹವ್ಯಾಸಕ್ಕೆಂದು ನಮ್ಮಂಥವರಿಗೆ ಅಲ್ಲಿ ನೆಲೆಸುವ ವೀಸಾ ಇಲ್ಲ. ಓದು ಅಥವಾ ಕೆಲಸದ ಬಾಗಿಲಿನಿಂದಲೇ ಹೋಗಬೇಕು. 2019ರ ಏಪ್ರಿಲಿನಲ್ಲಿ ಬಂದ 'ನಿರ್ದಿಷ್ಟ ಕೌಶಲ' ವೀಸಾದಲ್ಲಿ ವಾಹನ ದುರಸ್ತಿಯೂ ಸೇರಿದೆ. ಅದಕ್ಕೆ 2021ರ ಜನವರಿಯಲ್ಲಿ ಭಾರತವೂ ಒಪ್ಪಂದ ಮಾಡಿಕೊಂಡಿತು. ಆದರೆ ಕಸುಬಿನ ಪರೀಕ್ಷೆಯ ಜೊತೆ ಜಪಾನಿ ಭಾಷೆಯ ಪರೀಕ್ಷೆಯನ್ನೂ ಗೆಲ್ಲಬೇಕು. ಇಲ್ಲಿನ ಅಂತರರಾಷ್ಟ್ರೀಯ ಪರವಾನಗಿ ಅಲ್ಲಿ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಆಮೇಲೆ ಲೈಸೆನ್ಸ್ ಬದಲಿಸಿಕೊಳ್ಳಲು ಲಿಖಿತ ಪರೀಕ್ಷೆ, ಚಾಲನಾ ಪರೀಕ್ಷೆ ಎರಡೂ ಉಂಟು. 2025ರ ಅಕ್ಟೋಬರಿನಲ್ಲಿ ಲಿಖಿತ ಪರೀಕ್ಷೆಯ ಪ್ರಶ್ನೆಗಳು 10ರಿಂದ 50ಕ್ಕೆ ಏರಿದವು.

ಗೆಳೆಯ ಚಾಲನಾ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ. ಶಾಕೆನ್‌ಗೆ ತಾನೇ ಕಾರು ಒಯ್ದ ಮೊದಲ ಸಲ ಸೈಲೆನ್ಸರ್ ಸದ್ದಿಗೆ ವಾಪಸು ಕಳಿಸಿದರು. ಮನೆ ಹತ್ತಿರದ ಗ್ಯಾರೇಜಿನ ಮುದುಕರೊಬ್ಬರು ಅದನ್ನು ಸರಿಮಾಡಿಕೊಟ್ಟರು. ಅವರ ಮಗ ಟೋಕಿಯೊದಲ್ಲಿ ಬೇರೆ ಕೆಲಸದಲ್ಲಿದ್ದಾನೆ, ಗ್ಯಾರೇಜು ಅವರ ಕಾಲಕ್ಕೇ ಕೊನೆ. ಈಗ ನನ್ನ ಗೆಳೆಯ ಭಾನುವಾರಗಳಂದು ಅವರ ಕೈಕೆಳಗೆ ಕಲಿಯುತ್ತಿದ್ದಾನೆ.

ಇದನ್ನು ಅವನ ತಂದೆಗೆ ಹೇಳಿದೆ. ಖಯಾಲಿಗೆ ಹೋದವನು ವಿದ್ಯೆಯೊಂದಕ್ಕೆ ಶಿಷ್ಯನಾಗಿದ್ದಾನೆ, ಆ ವಿದ್ಯೆಗೆ ಇಲ್ಲಿ ಜಾಗ ಇರಲಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಮಾರುತಿಯ ಕಡೆ ನೋಡುತ್ತ ಕುಳಿತರು. ಆಮೇಲೆ ಹೇಳಿದರು: "ಆ ಯಜಮಾನರ ಮಗ ದೂರ. ನನ್ನ ಮಗ ಅವರ ಹತ್ರ. ಲೆಕ್ಕ ಸರಿಯಾಯ್ತು ಬಿಡು."

ಆ ಲೆಕ್ಕ ಸರಿಯಾಯಿತೆಂದು ನನಗನ್ನಿಸಲಿಲ್ಲ, ಅವರಿಗೂ ಅನ್ನಿಸಿರಲಾರದು. ಗೆಳೆಯರೇ, ಹೋಗುವವರು ಹೋಗಿ, ಕಲಿಯಿರಿ. ಆದರೆ ಅಳತೆಪಟ್ಟಿ ಹಿಡಿದು 'ಇಷ್ಟರವರೆಗೆ ಆಗಬಹುದು' ಎನ್ನುವ ನಿಯಮವನ್ನು ಇಲ್ಲಿಯೂ ಕೇಳಿ ಪಡೆಯಿರಿ. ಆಗ ಮುಂದಿನ ಹುಡುಗ ಸ್ಪ್ಯಾನರ್ ಹಿಡಿಯಲು ಅಪ್ಪನ ಅಂಗಳ ಬಿಟ್ಟು ಹೋಗಬೇಕಾಗಲಿಕ್ಕಿಲ್ಲ.