ಸಂಚಿಯ ಹೊನ್ನಮ್ಮನ ಹಾಡು

 

ನಮ್ಮ ಮಧುಗಿರಿಯ ಕೋಟೆಯು 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾಯಿತು. ಆ ದಂಡಯಾತ್ರೆಗಳ ಕಥೆಯನ್ನು ಹೇಳತಕ್ಕವರು ಅನೇಕರಿರುವರು. ನಾನಾದರೋ ಅದೇ ಅರಸರ ಅಂತಃಪುರದಲ್ಲಿ ಎಲೆಅಡಿಕೆಯ ಸಂಚಿಯನ್ನು ಹಿಡಿದು ನಿಂತಿದ್ದ ಒಬ್ಬ ಹೆಣ್ಣುಮಗಳ ವಿಷಯವಾಗಿ ಎರಡು ಮಾತುಗಳನ್ನು ವಿಜ್ಞಾಪಿಸುವೆನು.

ಹೊನ್ನಮ್ಮನ ಊರು ಎಳಂದೂರು. ರಾಣಿ ದೇವಾಜಮ್ಮಣ್ಣಿಯವರ ಊಳಿಗದಲ್ಲಿದ್ದ ಈಕೆಗೆ ಆಸ್ಥಾನದ ವಿದ್ವಾಂಸರಾದ ಅಳಸಿಂಗರಾರ್ಯರು ವಿದ್ಯಾಗುರುಗಳು. ಶಿಷ್ಯೆಯ ಕವಿತಾಶಕ್ತಿಯನ್ನು ಗುರುಗಳೇ ಅರಸರ ಮುಂದೆ ಶ್ಲಾಘಿಸಿದರು. ಅರಸರ ಇಚ್ಛೆಯನ್ನರಿತು ರಾಣಿಯವರು ಅಪ್ಪಣೆ ಮಾಡಲು, ‘ಹದಿಬದೆಯ ಧರ್ಮ’ವು ಒಂಬತ್ತು ಸಂಧಿಗಳ ಸಾಂಗತ್ಯವಾಗಿ ಮೈದಾಳಿತು.

ಸಾಂಗತ್ಯವೆಂಬುದು ಬರಿಯ ಕಣ್ಣಿನಿಂದ ಓದತಕ್ಕ ಪದ್ಯವಲ್ಲ, ಹಾಡತಕ್ಕದ್ದು. ಚಂಪುವಿಗೆ ಪಂಡಿತನೇ ಬೇಕು. ಈ ನಾಲ್ಕು ಪಾದಗಳ ಪದ್ಯವು ಅರಮನೆಯ ವೀಣೆಯ ಶ್ರುತಿಗೂ ಹೊಂದುವುದು, ನಮ್ಮ ಹಟ್ಟಿಗಳ ಬೀಸುವ ಕಲ್ಲಿನ ಸದ್ದಿಗೂ ಹೊಂದುವುದು. ಅದೇ ಆಸ್ಥಾನದ ಶೃಂಗಾರಮ್ಮನು ‘ಪದ್ಮಿನೀಕಲ್ಯಾಣ’ವನ್ನೂ, ಮುಂದಿನ ಕಾಲದ ರಾಣಿ ಚೆಲುವಾಂಬೆಯು ‘ವರನಂದಿ ಕಲ್ಯಾಣ’ವನ್ನೂ ಸಾಂಗತ್ಯದಲ್ಲಿಯೇ ರಚಿಸಿರುವುದು ಗಮನಾರ್ಹವು.

ಗ್ರಂಥದ ವಿಷಯವು ಪತಿವ್ರತಾಧರ್ಮ. ಅದನ್ನೇ ಹಿಡಿದು ಹೆಣ್ಣುಮಕ್ಕಳ ಬಾಯನ್ನು ಮುಚ್ಚಿಸುವವರುಂಟು. ಅದೇ ಕಾರಣದಿಂದ ಗ್ರಂಥವನ್ನು ದೂರವಿಡುವವರೂ ಉಂಟು. ಇಬ್ಬರೂ ಅದನ್ನು ಪೂರ್ತಿಯಾಗಿ ಓದಿದವರೆಂದು ನನಗೆ ತೋರುವುದಿಲ್ಲ. ಅಪ್ಪಣೆಗೆ ಒಳಪಟ್ಟು ಬರೆದ ಆ ಊಳಿಗದವಳು ನಡುವೆ ನೆಟ್ಟಗೆ ಕೇಳಿಬಿಡುವಳು: ತಮ್ಮನ್ನು ಹೆತ್ತವಳೂ ಸಾಕಿದವಳೂ ಹೆಣ್ಣಾಗಿರಲು ಹೆಣ್ಣೆಂದು ಹಳಿಯುವುದು ಯಾವ ತಿಳಿವು? ಮಗನಾದರೆ ಬಂದ ಹೆಚ್ಚೇನು, ಮಗಳಾದರೆ ಬಂದ ಕುಂದೇನು? ಇಬ್ಬರಲ್ಲಿ ಯಾರು ಒಳ್ಳೆಯವರೋ ಅವರಿಂದಲೇ ಇಹಪರಗಳ ಸೌಖ್ಯವೆಂದು ಆಕೆಯ ತೀರ್ಮಾನ.

ಬಾಲ್ಯದಲ್ಲಿ ನಾನು ಓದಿದ ಪಾಠಶಾಲೆಯಲ್ಲಿ ಪತಿಸೇವೆಯ ಪದ್ಯಗಳನ್ನು ಮಾತ್ರ ಕಂಠಪಾಠ ಮಾಡಿಸಿದರು. ಈ ಪದ್ಯಗಳು ನನ್ನ ಕಣ್ಣಿಗೆ ಬಿದ್ದದ್ದು ಮೂವತ್ತು ವರ್ಷ ದಾಟಿದ ಬಳಿಕ. ಅಷ್ಟರಲ್ಲಿ ನನಗೆ ಎರಡನೆಯ ಮಗಳು ಹುಟ್ಟಿದ್ದಳು. ಮನೆಯಲ್ಲಿ ಯಾರೂ ಸಕ್ಕರೆ ಹಂಚಿರಲಿಲ್ಲ. ನಾನೂ ಹಂಚಿರಲಿಲ್ಲ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಆ ದಿನ ಬಹಳ ಹೊತ್ತು ಕುಳಿತೆನು.

ಮಠದ ಪಾಠಶಾಲೆಯವರಲ್ಲಿ ನನ್ನ ಬಿನ್ನಹವಿಷ್ಟೇ: ಹೊನ್ನಮ್ಮನನ್ನು ಕಲಿಸುವುದಾದರೆ ಒಂಬತ್ತು ಸಂಧಿಗಳನ್ನೂ ಕಲಿಸೋಣವಾಗಲಿ, ಹುಡುಗರಿಗೂ ಕಲಿಸೋಣವಾಗಲಿ. ಅರ್ಥವನ್ನು ನಾನು ಹೇಳಿದ್ದಾಯಿತು. ರಾಗದಲ್ಲಿ ಕೇಳಬೇಕೆಂಬವರಿಗಾಗಿ ಆ ಎರಡನೆಯ ಮಗಳೇ ಇಲ್ಲಿ ಶ್ರುತಿ ಕೂಡಿಸಿಕೊಂಡು ಕುಳಿತಿರುವಳು.